ಮರೀನ್ ಡ್ರೈವ್ ಹಿಂದಿನ ಗಲ್ಲಿಯ ಅತ್ತೆ ಮನೆ: ಸಜ್ಜಾ ಒಡೆಯೋದಾ, ಬಿಡೋದಾ?

ಬೊರಿವಲಿ ಲೋಕಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಸೋದರತ್ತೆ ಇರೋದು ಮುಂಬಯಿಯ ಮರೀನ್ ಡ್ರೈವ್‌ನಲ್ಲಿ. ಹಾಗೆ ಅಂದ ಕೂಡಲೇ ಎಲ್ಲರೂ ಹುಬ್ಬೇರಿಸುತ್ತಾರೆ. ಸಮುದ್ರಕ್ಕೆ ಮುಖ ಮಾಡಿರುವ ಮೊದಲ ಸಾಲಲ್ಲ ಅದು, ಅದರ ಬೆನ್ನಿಗಿರುವ ಗಲ್ಲಿ. ಅತ್ತೆಯ ಬಾಲ್ಕನಿಯಿಂದ ಬಗ್ಗಿ ನೋಡಿದರೆ ಎರಡು ಕಟ್ಟಡಗಳ ಸಂದಿನಲ್ಲಿ ಒಂದು ಬಾಗಿಲಿನಷ್ಟು ಅಗಲದ ಸಮುದ್ರ ಕಾಣುತ್ತದೆ, ಅಷ್ಟೇ. ಮಾವನ ಅಪ್ಪ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1950ರ ದಶಕದಲ್ಲಿ ಪಗಡಿ (ಬಾಡಿಗೆ ಹಕ್ಕಿಗೆ ಮೊದಲೇ ಒಟ್ಟಿಗೆ ಕೊಡುವ ದುಡ್ಡು) ಕೊಟ್ಟು ಹಿಡಿದ ಮನೆ. ಬಾಡಿಗೆ ಇವತ್ತಿಗೂ ಕೇಳಿದರೆ ನಗು ಬರುವಷ್ಟು.

ಕಟ್ಟಡ 1940ರ ದಶಕದ್ದು. ಮೂಲೆ ದುಂಡಗಿದೆ. ಮೆಟ್ಟಿಲ ಹತ್ತಿರ ಹಡಗಿನ ಕಿಟಕಿ ಥರ ಗುಂಡಗಿನ ಕಿಂಡಿ. ಪ್ರತಿ ಕಿಟಕಿಯ ಮೇಲೂ ಉದ್ದಕ್ಕೆ ಓಡುವ ಸಜ್ಜಾ. ಲಿಫ್ಟಿಗೆ ಇನ್ನೂ ಎಳೆಯುವ ಕಬ್ಬಿಣದ ಗೇಟು.

ಈಗ ದೊಡ್ಡ ರಿಪೇರಿ ಬಂದಿದೆ. ಕಾಂಟ್ರಾಕ್ಟರ್ ಹೇಳುವುದು ಇಷ್ಟು: ಸಜ್ಜಾ ಎಲ್ಲಾ ಬೀಳುವ ಹಾಗಿವೆ, ಒಡೆದುಬಿಡೋಣ. ಬಾಲ್ಕನಿಗಳಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿ ಮುಚ್ಚೋಣ. ಗುಂಡು ಕಿಂಡಿ ತೆಗೆದು ಚೌಕ ಮಾಡೋಣ. ಮೆಟ್ಟಿಲ ಮೊಸಾಯಿಕ್ ಮೇಲೆ ಗ್ರಾನೈಟ್. ಮೀಟಿಂಗಿನಲ್ಲಿ ನಾನು "ಇದು ಹೆರಿಟೇಜ್ ಅಲ್ವಾ?" ಅಂದೆ. ಎಲ್ಲರೂ ನನ್ನ ಕಡೆ ತಿರುಗಿ, ಪುನಃ ಆ ಕಡೆ ತಿರುಗಿದರು. ನಮ್ಮತ್ತೆ ಕೂಡ! ಅವರಿಗೆ ಸ್ಲೈಡಿಂಗ್ ಬೇಕೇ ಬೇಕು. ಮಳೆಗಾಲದಲ್ಲಿ ಬಾಲ್ಕನಿಯ ನೀರು ಬಳಿದು ಬಳಿದು ಅವರ ಸೊಂಟ ಹೋಗಿದೆ.

ನನ್ನ ಪ್ರಶ್ನೆ: ಇಂಥ ಕಟ್ಟಡಕ್ಕೆ ನಿಜವಾಗಿ ಏನಾದರೂ ಬೆಲೆ ಇದೆಯಾ, ಅಥವಾ ನನಗೆ ಸುಮ್ನೆ ಬಾಲ್ಯದ ಮೋಹವಾ? ಅಲ್ಲಿ ಅರಮನೆ ಇಲ್ಲ, ದೇವಸ್ಥಾನ ಇಲ್ಲ, ಜನ ಬಟ್ಟೆ ಒಣಹಾಕುವ ಫ್ಲ್ಯಾಟುಗಳು.

ಕಾಂಕ್ರೀಟ್ ಭಟ್ಟ

ಮೊದಲು ಒಂದು ಕಹಿ ಮಾತು ಹೇಳಿಬಿಡುತ್ತೇನೆ. ಹಳೇ ಕಟ್ಟಡದ ಮೇಲೆ ಪ್ರೀತಿ ಇದೆ ಅಂತ ಅದು ನಿಂತಿರುವುದಿಲ್ಲ. ನಾನು ಇಪ್ಪತ್ತೈದು ವರ್ಷದಿಂದ ಇದೇ ಊರಲ್ಲಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ತಪಾಸಣೆ, ಮಾಡುತ್ತಿದ್ದೇನೆ. ಸಮುದ್ರದ ಪಕ್ಕದ ಆರ್‌ಸಿಸಿ (ಒಳಗೆ ಕಬ್ಬಿಣದ ಸರಳಿಟ್ಟ ಕಾಂಕ್ರೀಟು) ಕಟ್ಟಡ ಅಂದರೆ ಉಪ್ಪಿನ ಭರಣಿಯಲ್ಲಿಟ್ಟ ಕಬ್ಬಿಣ.

ಕಾಂಕ್ರೀಟು ಹೊಸದಿರುವಾಗ ಒಳಗಿನ ಸರಳಿಗೆ ಕ್ಷಾರದ ರಕ್ಷಣೆ ಇರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನಕ್ಕೆ ಒಳಗಿಳಿದು ಆ ಕ್ಷಾರವನ್ನು ತಿನ್ನುತ್ತದೆ. ಜೊತೆಗೆ ಕಡಲ ಗಾಳಿಯ ಕ್ಲೋರೈಡ್. ಎರಡರಲ್ಲಿ ಯಾವುದೇ ಒಂದು ಸರಳಿನವರೆಗೆ ತಲುಪಿದರೂ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಮೇಲಿನ ಕಾಂಕ್ರೀಟನ್ನು ಒಳಗಿನಿಂದ ತಳ್ಳಿ ಸಿಡಿಸುತ್ತದೆ. 1930, 40ರ ಕಟ್ಟಡಗಳಲ್ಲಿ ಸರಳಿನ ಮೇಲಿನ ಕವರ್ ಎಷ್ಟೋ ಕಡೆ ಬೆರಳಿನಷ್ಟು ದಪ್ಪವೂ ಇರುವುದಿಲ್ಲ.

ಹಾಗಾಗಿ ಮೊದಲ ಪ್ರಶ್ನೆ ಹೆರಿಟೇಜ್ ಅಲ್ಲ. ಆಡಿಟ್ ಆಗಿದೆಯಾ? ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಅದು ಕಡ್ಡಾಯ. ಕೋರ್ (ಕಾಂಕ್ರೀಟನ್ನು ಕೊರೆದು ತೆಗೆಯುವ ತುಂಡು) ತೆಗೆದರಾ? ಫಿನಾಫ್ತಲೀನ್ ಹಚ್ಚಿ ನೋಡಿದರಾ? ಆರೋಗ್ಯವಾಗಿರುವ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಷಾರ ಹೋಗಿದ್ದರೆ ಬಣ್ಣವೇ ಬರುವುದಿಲ್ಲ. ಅದನ್ನೆಲ್ಲ ಮಾಡದೆ "ಸಜ್ಜಾ ಬೀಳುತ್ತೆ" ಅಂದರೆ ಅದು ಕಣ್ಣಳತೆ, ವರದಿ ಅಲ್ಲ.

ಮಯಾಮಿ ಮಳೆ

ಭಟ್ರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನಾನಿರುವುದು ಫ್ಲೋರಿಡಾದಲ್ಲಿ. 2021ರ ಜೂನ್ 24ರ ರಾತ್ರಿ ಇಲ್ಲಿಂದ ಅರ್ಧ ಗಂಟೆ ದೂರದ ಸರ್ಫ್‌ಸೈಡ್‌ನಲ್ಲಿ ಸಮುದ್ರಕ್ಕಂಟಿದ 12 ಮಹಡಿಯ ಅಪಾರ್ಟ್‌ಮೆಂಟ್ ಕುಸಿಯಿತು. 98 ಜನ ಹೋದರು. ಅದು 1981ರ ಕಟ್ಟಡ, ನಿಮ್ಮತ್ತೆ ಮನೆಗಿಂತ ಎಷ್ಟೋ ಚಿಕ್ಕ ವಯಸ್ಸು. ದೊಡ್ಡ ರಿಪೇರಿ ಬೇಕು ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಖರ್ಚು ಯಾರು ಕೊಡಬೇಕು ಅನ್ನುವ ಜಗಳ ವರ್ಷಗಟ್ಟಲೆ ನಡೆದಿತ್ತು.

ಅದೇ ಮಯಾಮಿ ಬೀಚಿನಲ್ಲಿ ಇನ್ನೊಂದು ಕಥೆಯೂ ಇದೆ. 1970ರ ದಶಕದಲ್ಲಿ ಇಲ್ಲಿಯ ಆರ್ಟ್ ಡೆಕೊ ಹೋಟೆಲುಗಳನ್ನು (ನಿಮ್ಮತ್ತೆ ಕಟ್ಟಡದ ಹಾಗೇ ದುಂಡು ಮೂಲೆ, ಗುಂಡು ಕಿಂಡಿ, ಉದ್ದ ಸಜ್ಜಾ ಇರುವ ಶೈಲಿ) ಯಾರೂ ಮೂಸಿ ನೋಡುತ್ತಿರಲಿಲ್ಲ. ವಯಸ್ಸಾದವರು ಕಮ್ಮಿ ಬಾಡಿಗೆಗೆ ಇರುವ ಜಾಗ ಅದು. 1976ರಲ್ಲಿ ಬಾರ್ಬರಾ ಕ್ಯಾಪಿಟ್‌ಮನ್ ಅನ್ನುವ ಹೆಂಗಸು ಒಂದಿಷ್ಟು ಜನರನ್ನು ಸೇರಿಸಿ ಸಂಘ ಕಟ್ಟಿದರು. 1979ರಲ್ಲಿ ಇಡೀ ಪ್ರದೇಶ ದೇಶದ ಪಾರಂಪರಿಕ ಪಟ್ಟಿಗೆ ಸೇರಿತು. ಆದರೂ 1988ರಲ್ಲಿ ಸೆನೆಟರ್ ಅನ್ನುವ ಚೆಂದದ ಹೋಟೆಲನ್ನು ಕೆಡವಿದರು. ಆ ಜಾಗದಲ್ಲಿ ಪಾರ್ಕಿಂಗ್ ಮಾಡಿದರು ಅಂದರೆ ನಂಬ್ತೀರಾ?

ಅಂದ ಹಾಗೆ, ಇಲ್ಲಿಯ ಫೋಟೋಗಳಲ್ಲಿ ಕಾಣುವ ಗುಲಾಬಿ, ಪುದೀನ ಹಸಿರು ಎಲ್ಲ 1980ರ ದಶಕದಲ್ಲಿ ಬಳಿದದ್ದು. ಮೊದಲು ಹೆಚ್ಚಿನವು ಬಿಳಿ. ಪರಂಪರೆ ಅಂತ ನಾವು ಕೊಂಡಾಡುವುದರಲ್ಲಿ ಎಷ್ಟು ಪಾಲು ಹೊಸ ಬಣ್ಣವೋ ಏನೋ.

ನೀಲಿ ನಕ್ಷೆ

ಬೊರಿವಲಿ ಅವರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬೆಲೆ ಇದೆ. ನಾನು ಆರ್ಕಿಟೆಕ್ಟ್, ಇದೇ ಊರಲ್ಲಿ ಓದಿದವಳು, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಅತ್ತೆಯ ಮನೆ ನಿಂತಿರುವ ನೆಲವೇ ನೆಲವಲ್ಲ, ತುಂಬಿಸಿದ ಸಮುದ್ರ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತು ಇಲ್ಲಿಗೆ ಹತ್ತಿಯ ದುಡ್ಡು ಹರಿದು ಬಂದಾಗ ಬ್ಯಾಕ್‌ಬೇ (ಮರೀನ್ ಡ್ರೈವ್ ಎದುರಿನ ಕೊಲ್ಲಿ) ತುಂಬಿಸುವ ಕಂಪನಿ ಹುಟ್ಟಿತು. 1865ರಲ್ಲಿ ಯುದ್ಧ ಮುಗಿಯಿತು, ಷೇರು ಪೇಟೆ ಬಿತ್ತು, ಕಂಪನಿಯೂ ಮುಳುಗಿತು. 1920ರ ದಶಕದಲ್ಲಿ ಗವರ್ನರ್ ಲಾಯ್ಡ್ ಕಾಲದಲ್ಲಿ ಪುನಃ ಶುರು. 1145 ಎಕರೆ ತುಂಬಿಸುವ ಯೋಜನೆ. ಹಾಕಿದ ಮಣ್ಣು ಗೋಡೆಯ ಸಂದಿನಿಂದ ಸಮುದ್ರಕ್ಕೇ ವಾಪಸ್ ಸೋರುತ್ತಿತ್ತು! ವಕೀಲ ಕೆ. ಎಫ್. ನಾರಿಮನ್ ಆ ಹಗರಣವನ್ನು ಬಯಲಿಗೆಳೆದರು. ಕೊನೆಗೆ ಅರ್ಧಕ್ಕೂ ಕಡಿಮೆ ಜಾಗ ಸಿಕ್ಕಿತು. ತಮಾಷೆ ಏನೆಂದರೆ, ಅದೇ ನಾರಿಮನ್ ಹೆಸರು ಈಗ ಮರೀನ್ ಡ್ರೈವ್‌ನ ತುದಿಗಿದೆ, ನಾರಿಮನ್ ಪಾಯಿಂಟ್ ಅಂತ.

ಹಾಗೆ ಸಿಕ್ಕಿದ ಖಾಲಿ ಜಾಗದಲ್ಲಿ 1930ರ ದಶಕದಿಂದ ಫ್ಲ್ಯಾಟುಗಳು ಎದ್ದವು. ಓವಲ್ ಮೈದಾನದಲ್ಲಿ ನಿಂತು ನೋಡಿ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರದ ಗೋಪುರ. ಎಲ್ಲ ಬ್ರಿಟಿಷರ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿದ್ದು, ಆಳುವವರ ಗತ್ತು. ಪಶ್ಚಿಮಕ್ಕೆ ತಿರುಗಿದರೆ ಕಾಂಕ್ರೀಟಿನ ಮನೆಗಳು. ಕಟ್ಟಿಸಿದವರಲ್ಲಿ ಪಾರ್ಸಿಗಳು, ಗುಜರಾತಿಗಳು, ಮಾರವಾಡಿಗಳು ಜಾಸ್ತಿ. ನಕ್ಷೆ ಬರೆದವರಲ್ಲಿ ಇಲ್ಲಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ನಮ್ಮವರೇ ಎಷ್ಟೋ ಜನ. ಅಲ್ಲಿಯ ಎಂಪ್ರೆಸ್ ಕೋರ್ಟ್ ಅನ್ನುವ ಫ್ಲ್ಯಾಟುಗಳ ನಕ್ಷೆ ಬರೆದದ್ದು ಗಜಾನನ ಮ್ಹಾತ್ರೆ. ಸಿಮೆಂಟೂ ಇಲ್ಲಿಯದೇ. ಹಲವು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದದ್ದು 1936ರಲ್ಲಿ. ನೆಲದ ಟೈಲು ಮಾಡುತ್ತಿದ್ದ ಭಾರತ್ ಫ್ಲೋರಿಂಗ್ಸ್ 1922ರಲ್ಲಿ ಸ್ವದೇಶಿಯ ಹುರುಪಿನಲ್ಲಿ ಶುರುವಾದದ್ದು. ಸ್ವಾತಂತ್ರ್ಯ ಬರುವ ಮೊದಲೇ ಈ ಊರಿನ ಮಧ್ಯಮ ವರ್ಗ "ನಾವು ಹೀಗೆ ಬದುಕುತ್ತೇವೆ" ಅಂತ ಕಟ್ಟಿ ತೋರಿಸಿದ್ದು. ನನಗಂತೂ ಕಲ್ಲಿನ ಹೈಕೋರ್ಟಿಗಿಂತ ಇದೇ ದೊಡ್ಡದು.

2018ರಲ್ಲಿ ಯುನೆಸ್ಕೊ ಇವೆರಡನ್ನೂ ಸೇರಿಸಿ ವಿಶ್ವ ಪರಂಪರೆ ಅಂದಿತು. ಒಟ್ಟು 94 ಕಟ್ಟಡಗಳು. ನಿಮ್ಮದು ಎರಡನೇ ಸಾಲಾದರೆ ಆ 94ರಲ್ಲಿ ಇಲ್ಲದೆ ಸುತ್ತಲಿನ ರಕ್ಷಣಾ ವಲಯದಲ್ಲಿ ಇರಬಹುದು. 1995ರ ಹೆರಿಟೇಜ್ ನಿಯಮಗಳ ಪಟ್ಟಿಯನ್ನು ಬೇರೆಯೇ ನೋಡಬೇಕು. ಪಾಲಿಕೆಯ ಹೆರಿಟೇಜ್ ಸೆಲ್‌ಗೆ ಕಟ್ಟಡದ ಹೆಸರು ಕೊಟ್ಟು ಲಿಖಿತವಾಗಿ ಕೇಳಿ. ಹೊರಗಿನ ರೂಪ ಬದಲಿಸಲು ಅನುಮತಿ ಬೇಕಾಗಬಹುದು. ಮೀಟಿಂಗಿನಲ್ಲಿ ಜನ ತಿರುಗಿ ನೋಡುವುದು ಪ್ರೀತಿಯ ಮಾತಿಗಲ್ಲ, ಪಾಲಿಕೆಯ ಕಾಗದಕ್ಕೆ.

ಓನರ್ ಕಡೆಯವ

ಇಲ್ಲಿ ಯಾರೂ ಹೇಳದ ಮಾತು ನಾನು ಹೇಳುತ್ತೇನೆ, ಬೈದರೂ ಪರವಾಗಿಲ್ಲ. ನಮ್ಮ ಕುಟುಂಬಕ್ಕೆ ದಾದರ್ ಕಡೆ ಇಂಥದ್ದೇ ಒಂದು ಹಳೇ ಕಟ್ಟಡ ಇದೆ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ ದರಕ್ಕೆ ಕಟ್ಟಿಹಾಕಿತು. 1999ರ ಕಾಯ್ದೆ ಬಂದ ಮೇಲೆ ವರ್ಷಕ್ಕೆ 4 ಪರ್ಸೆಂಟ್ ಏರಿಸಬಹುದು. ಯಾವುದರ ಮೇಲೆ 4 ಪರ್ಸೆಂಟ್? ಆ ಕಟ್ಟಿಹಾಕಿದ ದರದ ಮೇಲೆ. ನಮ್ಮ ಇಡೀ ಕಟ್ಟಡದ ತಿಂಗಳ ಬಾಡಿಗೆಯಲ್ಲಿ ಒಬ್ಬ ಗಾರೆಯವನಿಗೆ ವಾರದ ಕೂಲಿ ಕೊಡಲಾಗುವುದಿಲ್ಲ. ದುಂಡು ಬಾಲ್ಕನಿ, ಹಡಗಿನ ಕಿಟಕಿ ಎಲ್ಲ ಚೆಂದ. ದುಡ್ಡು ಯಾರಪ್ಪ ಕೊಡೋದು? ಸರ್ಕಾರ ಬೋರ್ಡು ಹಾಕುತ್ತದೆ, ಬಿಲ್ ಓನರಿಗೆ.

ನೀಲಿ ನಕ್ಷೆ

ಬೈಯಲ್ಲ, ನೀವು ಹೇಳಿದ್ದು ಸರಿ. ಈ ಊರಿನ ಅರ್ಧ ಹಳೇ ಕಟ್ಟಡಗಳು ಸತ್ತದ್ದು ಬುಲ್ಡೋಜರಿನಿಂದಲ್ಲ, ಆ ಬಾಡಿಗೆಯಿಂದ. ಇನ್ನರ್ಧ ಕಡಿಮೆ ಬಾಡಿಗೆಯಿಂದಲೇ ಉಳಿದವು ಅನ್ನುವುದೂ ನಿಜ. ಹೊಸದು ಮಾಡಿಸಲು ಯಾರ ಹತ್ತಿರವೂ ದುಡ್ಡಿರಲಿಲ್ಲ, ಹಾಗಾಗಿ ಹಳೇ ಬಾಗಿಲು, ಹಳೇ ಗ್ರಿಲ್ಲು ಹಾಗೇ ಇದ್ದವು. ಆದರೆ ಲೆಕ್ಕ ನೋಡಿ: ಸಜ್ಜಾ ಒಡೆಯೋದು, ಗ್ರಾನೈಟ್, ಅಲ್ಯೂಮಿನಿಯಂ, ಇದ್ಯಾವುದೂ ಪುಕ್ಕಟೆ ಅಲ್ಲ. ಅದಕ್ಕಿರುವ ದುಡ್ಡು ಸರಳಿನ ರಿಪೇರಿಗೆ ಯಾಕಿಲ್ಲ?

ಕುಡ್ಲದ ಕಿಟಕಿ

ನಾನು ಸುಮ್ಮನೆ ಓದುತ್ತಿದ್ದೆ. ಮಂಗಳೂರಲ್ಲೂ ಇದೇ ಮಾರಾಯ್ರೆ. ಹೆಂಚಿನ ಮನೆ ಕೆಡವಿದರೆ ಎಲ್ಲರೂ "ಅಯ್ಯೋ" ಅಂತಾರೆ. ಮೊದಮೊದಲ ಆರ್‌ಸಿಸಿ ಮನೆಗಳನ್ನು ಕೆಡವಿದರೆ ಯಾರೂ ಅಯ್ಯೋ ಅನ್ನುವುದಿಲ್ಲ. ಅಜ್ಜನ ಕಾಲದ್ದಕ್ಕೆ ಮರ್ಯಾದೆ, ಅಪ್ಪನ ಕಾಲದ್ದಕ್ಕೆ ಇಲ್ಲ. ಅಷ್ಟೇ, ಮುಂದುವರಿಸಿ.

ಹಳೇ ಫಿಲ್ಟರ್ ಕಾಫಿ

ಮೊಮ್ಮಗಳು ಇದನ್ನು ಓದಿ ಹೇಳಿದಳು. ನನಗೂ ಬರೆಯಬೇಕು ಅನಿಸಿತು. ನಾನು ಹೇಳಿದ್ದನ್ನು ಅವಳು ಟೈಪ್ ಮಾಡುತ್ತಿದ್ದಾಳೆ.

ನಾನು 1964ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು. ಹನ್ನೆರಡು ವರ್ಷ. ಚರ್ಚ್‌ಗೇಟ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ಆಮೇಲೆ ಮನೆಮನೆಗೆ ಕಾಫಿ, ಇಡ್ಲಿ ಕೊಡುವ ಕೆಲಸ. ರಾತ್ರಿ ಫೋರ್ಟಿನಲ್ಲಿ ಕನ್ನಡ ರಾತ್ರಿಶಾಲೆ. ಮರೀನ್ ಡ್ರೈವಿನ ಆ ಎಲ್ಲ ಕಟ್ಟಡಗಳೂ ನನಗೆ ಗೊತ್ತು. ಆದರೆ ಹಿಂದಿನಿಂದ.

ನೀವೆಲ್ಲ ದುಂಡು ಬಾಲ್ಕನಿ, ಲಿಫ್ಟಿನ ಗೇಟು ಅಂತ ಬರೆದಿದ್ದೀರಿ. ನಮಗೆ ಲಿಫ್ಟ್ ಇರಲಿಲ್ಲ. ವಾಚ್‌ಮನ್ ಮುಂದಿನಿಂದ ಬಿಡುತ್ತಲೇ ಇರಲಿಲ್ಲ. ಹಿಂದೆ ಒಂದು ಕಬ್ಬಿಣದ ಸುತ್ತು ಮೆಟ್ಟಿಲು ಇರುತ್ತಿತ್ತು, ಪ್ರತಿ ಅಡುಗೆಮನೆಯ ಹಿಂಬಾಗಿಲಿಗೆ ಹೋಗಲು. ಕಸದವರು, ಹಾಲಿನವರು, ಅಡುಗೆ ಆಳುಗಳು, ನಾವು ಹೋಟೆಲ್ ಮಾಣಿಗಳು, ಎಲ್ಲ ಅದರಲ್ಲೇ. ಒಂದು ಕೈಯಲ್ಲಿ ಕಾಫಿ ಕ್ಯಾರಿಯರು, ಇನ್ನೊಂದು ಕೈಯಲ್ಲಿ ಕಂಬಿ. ಮಳೆಗಾಲದಲ್ಲಿ ಆ ಮೆಟ್ಟಿಲು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ನನ್ನ ಮೊಣಕಾಲಿನಲ್ಲಿ ಅದರ ಗುರುತು ಇನ್ನೂ ಇದೆ.

ಬೊರಿವಲಿಯ ಮಗಳೇ, ನೀನು ಹೇಳಿದ ಗಲ್ಲಿ ಯಾವುದು? ಗುಂಡು ಕಿಂಡಿಯ ಸಾಲು, ದುಂಡು ಮೂಲೆ ಅಂದಾಗ ನನಗೊಂದು ಕಟ್ಟಡ ಕಣ್ಣಿಗೆ ಬಂತು. ಅಲ್ಲಿ ಮೂರನೇ ಮಹಡಿಯವರೊಬ್ಬರು ಎರಡು ರೂಪಾಯಿ ಹತ್ತಾಣೆ ಬಾಕಿ ಇಟ್ಟು ಊರಿಗೆ ಹೋಗಿಬಿಟ್ಟರು. ಯಜಮಾನರು ನನ್ನ ಸಂಬಳದಲ್ಲಿ ಹಿಡಿದರು. ಹೆರಿಟೇಜ್ ಅಂದರೆ ಅದೂ ಸೇರುತ್ತದಾ?

ಮಯಾಮಿ ಮಳೆ

ಅಜ್ಜ, 1964ರಲ್ಲಿ ಆಣೆ ಎಲ್ಲಿತ್ತು? 1957ರಲ್ಲೇ ನಯಾಪೈಸೆ ಬಂದಿತ್ತಲ್ಲ! (ಸುಮ್ನೆ ತಮಾಷೆಗೆ.)

ಹಳೇ ಫಿಲ್ಟರ್ ಕಾಫಿ

ನಾಣ್ಯ ಬದಲಾಯಿತು, ಯಜಮಾನರ ಬಾಯಿ ಬದಲಾಗಲಿಲ್ಲ. ಅವರ ಲೆಕ್ಕ ಕೊನೆವರೆಗೂ ಆಣೆಯಲ್ಲೇ.

ನೀಲಿ ನಕ್ಷೆ

ಅಜ್ಜ, ನಾನು ಬರೆದದ್ದರಲ್ಲಿ ಆ ಮೆಟ್ಟಿಲು ಇರಲೇ ಇಲ್ಲ. ನಾವು ಓದುವಾಗ ಕಟ್ಟಡಗಳ ಮುಂಭಾಗವನ್ನು ಅಳೆದು ಅಳೆದು ಬರೆಯುತ್ತಿದ್ದೆವು. ಹಿಂಭಾಗ ಬರೆಯಲು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ರಿಪೇರಿ ಬಂದಾಗ ಎಲ್ಲಕ್ಕಿಂತ ಮೊದಲು ಗುಜರಿಗೆ ಹೋಗುವುದೂ ಅದೇ ಕಬ್ಬಿಣದ ಮೆಟ್ಟಿಲು. "ಸಮಾನತೆ" ಅಂತ ಅಲ್ಲ, ಅಲ್ಲೊಂದು ಟಾಯ್ಲೆಟ್ ಎಳೆಯಲು ಜಾಗ ಆಗುತ್ತದೆ ಅಂತ.

ಬೊರಿವಲಿ ಲೋಕಲ್

ಅಜ್ಜ, ಇನ್‌ಬಾಕ್ಸಿನಲ್ಲಿ ಕಟ್ಟಡದ ಹೆಸರು ಕಳಿಸಿದ್ದೇನೆ. ಹಿಂದಿನ ಅಂಗಳಕ್ಕೆ ನಾನು ಚಿಕ್ಕಂದಿನಿಂದ ಹೋಗಿಯೇ ಇಲ್ಲ. ಭಾನುವಾರ ಹೋಗಿ ನೋಡುತ್ತೇನೆ.

ಭಟ್ರೇ, ಆಡಿಟ್ ವರದಿ ಕೇಳಿದೆ. ಎರಡು ಪುಟ, ಅದರಲ್ಲಿ ಒಂದು ಬರೀ ಫೋಟೋ. ಕೋರ್ ಟೆಸ್ಟ್ ಇಲ್ಲ.

ಕಾಂಕ್ರೀಟ್ ಭಟ್ಟ

ಹಾಗಾದರೆ ಬೇರೆ ಎಂಜಿನಿಯರಿಂದ ಸರಿಯಾಗಿ ಮಾಡಿಸಿ. ಕಾಲಮ್ಮು, ಬೀಮು, ಬಾಲ್ಕನಿ ಸ್ಲ್ಯಾಬಿನ ಬುಡ, ಇವು ಮೊದಲು. ಅಲ್ಲಿ ಏನಾದರೂ ಸಿಕ್ಕಿದರೆ ಗುಂಡು ಕಿಂಡಿ, ಚೌಕ ಕಿಂಡಿ ಎಲ್ಲ ಬದಿಗಿಡಿ.

ಇನ್ನು ಸಜ್ಜಾ. (ಇಲ್ಲಿಯವರು ಛಜ್ಜಾ ಅಂತಾರೆ.) ಅದು ಸೊಗಸಿಗೆ ಇಟ್ಟದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯುತ್ತದೆ. ಸಜ್ಜಾ ಒಡೆದ ದಿನ ಆ ನೀರೆಲ್ಲ ಗೋಡೆಗೆ, ಕಿಟಕಿಯ ಮೇಲಿನ ಲಿಂಟಲ್‌ಗೆ. ಐದು ವರ್ಷದಲ್ಲಿ ಪುನಃ ರಿಪೇರಿ. ಕಾಂಟ್ರಾಕ್ಟರಿಗೆ ಒಳ್ಳೆಯದೇ ಬಿಡಿ.

ಬಾಲ್ಕನಿ ಮುಚ್ಚುವುದೂ ಹಾಗೇ. ಆ ಸ್ಲ್ಯಾಬು ಗೋಡೆಯಿಂದ ಹೊರಗೆ ಚಾಚಿ ನಿಂತದ್ದು. ತುದಿಗೆ ಗಾಜಿನ ಫ್ರೇಮು, ಒಳಗೆ ವಾಷಿಂಗ್ ಮೆಷಿನ್ನು, ಬೀರು, ತುಳಸಿ ಕಟ್ಟೆ. ಭಾರ ಹಾಕುವುದು ತುದಿಗೆ, ಹಿಡಿಯಬೇಕಾದ್ದು ಬುಡ. ಬುಡದ ಸರಳಿಗೆ ತುಕ್ಕು ಹಿಡಿದಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಮೇಲಾಗಿ ಮುಚ್ಚಿದ ಮೇಲೆ ಒಳಗಿನ ತೇವ ಒಣಗುವುದಿಲ್ಲ. ನಾನು ಹೆರಿಟೇಜ್ ಪಕ್ಷದವನಲ್ಲ. ಆದರೆ ಆ ಕಾಲದವರು ಮಳೆ ನೋಡಿ ಕಟ್ಟಿದ್ದರು, ನಾವು ಕ್ಯಾಟಲಾಗ್ ನೋಡಿ ರಿಪೇರಿ ಮಾಡುತ್ತೇವೆ.

ಒಂದು ಕೆಲಸ ಮಾಡಿ. ಕಿಟಕಿಯಿಂದ ಕೈ ಹಾಕಿ ಸಜ್ಜಾದ ಅಡಿ ತಡವಿ ನೋಡಿ. ಹೊರ ಅಂಚಿನಿಂದ ಎರಡು ಬೆರಳು ಒಳಗೆ ಉದ್ದಕ್ಕೆ ಒಂದು ಗೆರೆ ಇರಬೇಕು. ಅಡಿಯಲ್ಲಿ ಹರಿದು ಬರುವ ನೀರು ಆ ಗೆರೆಗೆ ಬಂದು ಮುಂದೆ ಹೋಗಲಾರದೆ ಕೆಳಗೆ ತೊಟ್ಟಿಕ್ಕುತ್ತದೆ. ಅದು ಇದೆಯಾ ನೋಡಿ ಹೇಳಿ.

ಓನರ್ ಕಡೆಯವ

ಭಟ್ರೇ, ಈ ಗೆರೆ ವಿಷಯ ನಮ್ಮ ಕಟ್ಟಡದಲ್ಲೂ ನೋಡುತ್ತೇನೆ. ಖರ್ಚಿಲ್ಲದ ಸಲಹೆ ಈ ಚರ್ಚೆಯಲ್ಲಿ ಇದೊಂದೇ.

ಬೊರಿವಲಿ ಲೋಕಲ್

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಗೆರೆ: ಇರಲಿಲ್ಲ. ಅಂದರೆ ಇತ್ತು, ಆದರೆ ಬಣ್ಣ ಬಳಿದು ಬಳಿದು ಮುಚ್ಚಿಹೋಗಿತ್ತು. ಸ್ಕ್ರೂಡ್ರೈವರ್ ತಗೊಂಡು ಅತ್ತೆಯ ಅಡುಗೆಮನೆ ಕಿಟಕಿಯ ಮೇಲಿನದನ್ನು ಮಾತ್ರ ಕೆರೆದೆ. ಹಳದಿ, ತಿಳಿ ಹಸಿರು, ಪುನಃ ಹಳದಿ, ಬೂದಿ, ಕೊನೆಗೆ ಕೆನೆ ಬಣ್ಣ. ಒಂದೂವರೆ ಗಂಟೆ ಹಿಡಿಯಿತು, ಕೂದಲು ತುಂಬ ಪುಡಿ. ಕಳೆದ ಬುಧವಾರ ಜೋರು ಮಳೆ ಬಂತಲ್ಲ, ಅತ್ತೆ ಫೋನ್ ಮಾಡಿದರು. "ಆ ಒಂದು ಕಿಟಕಿಯಲ್ಲಿ ನೀರು ನೇರ ಕೆಳಗೆ ಬೀಳ್ತಾ ಇದೆ, ಗೋಡೆಗೆ ಬರ್ತಾ ಇಲ್ಲ. ಉಳಿದದ್ದನ್ನೂ ಯಾವಾಗ ಕೆರೀತೀಯಾ?" ಸ್ಲೈಡಿಂಗ್ ಮಾತ್ರ ಇನ್ನೂ ಬೇಕಂತೆ. ಬಾಲ್ಕನಿಗೆ ಬಿದಿರಿನ ಚಿಕ್ ಪರದೆ ಹಾಕಿಸಿಕೊಡುತ್ತೇನೆ ಅಂದಿದ್ದೇನೆ. "ನೋಡೋಣ" ಅಂದಿದ್ದಾರೆ. ನಮ್ಮನೆಯಲ್ಲಿ "ನೋಡೋಣ" ಅಂದರೆ ಇಲ್ಲ ಅಂತ.

ಹೊಸ ಎಂಜಿನಿಯರ್ ಬಂದು ಕೋರ್ ತೆಗೆದುಕೊಂಡು ಹೋಗಿದ್ದಾರೆ. ಹಿಂದಿನ ಎರಡು ಕಾಲಮ್ ಕೆಟ್ಟಿವೆ ಅಂತ ಬಾಯಿಮಾತಲ್ಲಿ ಹೇಳಿದರು. ಆದ್ದರಿಂದ ಗ್ರಾನೈಟ್ ಸದ್ಯಕ್ಕೆ ನಿಂತಿದೆ. ಪಾಲಿಕೆಯಿಂದ ಉತ್ತರ ಬಂದಿಲ್ಲ.

ಅಜ್ಜ, ನಿಮ್ಮ ಮೆಟ್ಟಿಲು ಇದೆ. ಪೂರ್ತಿ ಅಲ್ಲ. ಎರಡನೇ ಮಹಡಿಯವರೆಗೆ ಇದೆ, ಕೆಳಗಿನ ನಾಲ್ಕು ಮೆಟ್ಟಿಲು ತುಕ್ಕು ತಿಂದು ಜರಡಿ ಆಗಿವೆ. ಕಂಬಿ ಮಾತ್ರ ಕೈ ತಾಗಿ ತಾಗಿ ನುಣ್ಣಗೆ ಉಳಿದಿದೆ. ಅದರ ಮೇಲಿನದನ್ನು ಯಾವಾಗಲೋ ಕತ್ತರಿಸಿದ್ದಾರೆ. ಮೂರನೇ ಮಹಡಿಯ ಹಿಂಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಫೋಟೋ ಕಳಿಸಿದ್ದೇನೆ.

ಹಳೇ ಫಿಲ್ಟರ್ ಕಾಫಿ

ನೋಡಿದೆ ಮಗಳೇ. ಅದೇ ಕಟ್ಟಡ. ಎರಡನೇ ಮಹಡಿಯ ತಿರುವಿನಲ್ಲಿ ಕ್ಯಾರಿಯರ್ ಇಟ್ಟು ಉಸಿರು ತೆಗೆದುಕೊಳ್ಳುತ್ತಿದ್ದೆ.

ಮೂರನೆಯದಕ್ಕೆ ಗೋಡೆ ಕಟ್ಟಿದ್ದಾರೆ ಅಂದರೆ ಬಾಕಿ ಇನ್ನು ಬರುವುದಿಲ್ಲ ಅಂತಾಯಿತು.